ನೆಲಕ್ಕೆ ಕೂರಲಾಗದವರಿಗೆ ಕುರ್ಚಿಯ ಮೇಲೆ ಯೋಗಾಸನ: ತಪ್ಪಿಲ್ಲದೆ ಕಲಿಯುವ ಕ್ರಮ

ಪ್ರತಿ ವರ್ಷ ಜೂನ್ 21ರಂದು ಮೈದಾನದಲ್ಲಿ ಚಾಪೆ ಹಾಸಿ ಯೋಗ ಮಾಡಿದವರಲ್ಲಿ ಕೆಲವರು 22ರ ಬೆಳಿಗ್ಗೆ ಮೊಣಕಾಲು ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ವಜ್ರಾಸನದಲ್ಲಿ ಕುಳಿತದ್ದೇ ತಪ್ಪಾಯಿತು, ಏಳಲು ಇಬ್ಬರು ಕೈ ಹಿಡಿಯಬೇಕಾಯಿತು, ಇನ್ನು ನೆಲದ ಮಾತು ಬೇಡ, ಕುರ್ಚಿಯ ಮೇಲೆ ಮಾಡುವುದನ್ನು ಹೇಳಿಕೊಡಿ ಎನ್ನುತ್ತಾರೆ. ಹೇಳಿಕೊಡುತ್ತೇನೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಅವರೇ ಮತ್ತೆ ಬರುತ್ತಾರೆ. ಈ ಸಲ ಕೈ ಟೊಂಕದ ಮೇಲಿರುತ್ತದೆ.

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಪಡಸಾಲೆಯಲ್ಲಿ ಹಿರಿಯರಿಗೆ ಆಸನ ಕಲಿಸುತ್ತ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಬರುವವರಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ದಿನವಿಡೀ ಗಾದಿಯ ಮೇಲೆ ಕೂರುವ ವ್ಯಾಪಾರಿಗಳಿದ್ದಾರೆ, ಬೆಟಗೇರಿಯಲ್ಲಿ ಮಗ್ಗದ ಮುಂದೆ ವಯಸ್ಸು ಕಳೆದ ನೇಕಾರರಿದ್ದಾರೆ, ನಲವತ್ತು ವರ್ಷ ರೊಟ್ಟಿ ಬಡಿದು ಭುಜ ಮುಂದಕ್ಕೆ ಬಾಗಿದ ಅವ್ವಂದಿರಿದ್ದಾರೆ. ದೇಹ ಬೇರೆ ಬೇರೆ, ತಪ್ಪು ಮಾತ್ರ ಒಂದೇ. ಕುರ್ಚಿಯ ಮೇಲೆ ಕುಳಿತೂ ಅವರು ನೆಲದ ಆಸನದ ಆಕಾರವನ್ನೇ ಹುಡುಕುತ್ತಾರೆ. ಕೈ ಕಾಲ್ಬೆರಳಿಗೆ ಮುಟ್ಟಬೇಕು, ಹಣೆ ಮೊಣಕಾಲಿಗೆ ತಾಗಬೇಕು, ಇಲ್ಲವಾದರೆ ಆಸನವೇ ಆಗಲಿಲ್ಲ ಎಂದು ಬಗೆಯುತ್ತಾರೆ.

ಪ್ರತಿ ಆಸನಕ್ಕೂ ಒಂದು ಕೆಲಸವಿದೆ. ಪಾದಹಸ್ತಾಸನದ ಕೆಲಸ ತೊಡೆಯ ಹಿಂಭಾಗವನ್ನು ಚಾಚುವುದು; ಬೆರಳು ಮುಟ್ಟಿದರೂ ಮುಟ್ಟದಿದ್ದರೂ ಆ ಕೆಲಸ ನಡೆಯುತ್ತದೆ. ವೃಕ್ಷಾಸನದ ಕೆಲಸ ಒಂಟಿ ಕಾಲಿನ ಮೇಲೆ ತೋಲ (ಸಮತೋಲನ) ಹಿಡಿಯುವುದು. ಇನ್ನೊಂದು ಪಾದ ತೊಡೆಗೆ ಏರಿತೋ, ಹಿಮ್ಮಡಿಯ ಬಳಿಯೇ ಉಳಿಯಿತೋ ಎಂಬುದು ಆಮೇಲಿನ ಮಾತು. ಕುರ್ಚಿಗೆ ತರಬೇಕಾದದ್ದು ಈ ಕೆಲಸವನ್ನು, ಆಕಾರವನ್ನಲ್ಲ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲಿಯೇ ಮಾಡಿ. ಮೂರನೆಯ ಹಂತವನ್ನು ಹಾರಿಸಿದವರೇ ಟೊಂಕ ಹಿಡಿದುಕೊಂಡು ಬರುವವರು.

ಹಂತ 1: ಮೊದಲು ವೈದ್ಯರನ್ನು ಕೇಳಬೇಕಾದವರು

ಕುರ್ಚಿಯ ಮೇಲೆ ತಾನೇ, ಏನಾದೀತು ಎಂದುಕೊಳ್ಳಬೇಡಿ. ಕೆಲವು ತೊಂದರೆಗಳಿರುವವರು ಕುಳಿತಲ್ಲಿಯೇ ಪೆಟ್ಟು ಮಾಡಿಕೊಳ್ಳಬಹುದು.

ಸೊಂಟದ ಕೀಲು ಬದಲಿಸಿಕೊಂಡವರು ಕಾಲ ಮೇಲೆ ಕಾಲು ಹಾಕುವ ಮತ್ತು ಮೊಣಕಾಲನ್ನು ಸೊಂಟಕ್ಕಿಂತ ಮೇಲೆತ್ತುವ ಚಲನೆಗಳನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಅನುಮತಿಯಿಲ್ಲದೆ ಮಾಡಬಾರದು. ಕೀಲು ತಪ್ಪುವ ಅಪಾಯವಿದೆ. ಮೂಳೆ ಸವೆದು ಟೊಳ್ಳಾಗಿದೆ ಎಂದು ವೈದ್ಯರು ಹೇಳಿದ್ದರೆ ಬೆನ್ನನ್ನು ಗೂನು ಮಾಡಿ ಮುಂದಕ್ಕೆ ಬಾಗುವುದು, ಜೋರಾಗಿ ತಿರುಚುವುದು ಎರಡೂ ಬೇಡ, ಬೆನ್ನೆಲುಬಿನ ಮಣಿ ಕುಸಿಯಬಹುದು. ಗ್ಲಾಕೋಮಾ ಇರುವವರು ಮತ್ತು ಇತ್ತೀಚೆಗೆ ಕಣ್ಣಿನ ಪೊರೆ ತೆಗೆಸಿಕೊಂಡವರು ತಲೆಯನ್ನು ಎದೆಗಿಂತ ಕೆಳಗೆ ತರಬಾರದು. ರಕ್ತದೊತ್ತಡ ಇರುವವರಿಗೂ ಇದೇ ಮಾತು. ಜೊತೆಗೆ ಅವರು ಉಸಿರು ಕಟ್ಟಿ ಬಲ ಹಾಕಬಾರದು.

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರೀ ಹೊಟ್ಟೆಯಲ್ಲಿ ಶುರು ಮಾಡುವ ಮುನ್ನ ವೈದ್ಯರನ್ನು ಕೇಳಿ. ಕೈಗೆ ಸಿಗುವ ಹಾಗೆ ಸಕ್ಕರೆ ಅಥವಾ ಬೆಲ್ಲ ಇಟ್ಟುಕೊಳ್ಳಿ. ಮೈ ನಡುಗಿ ತಣ್ಣನೆಯ ಬೆವರು ಬಂದರೆ ಆಸನ ಬಿಟ್ಟು ಅದನ್ನು ಬಾಯಿಗೆ ಹಾಕಿಕೊಳ್ಳಿ. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಪಾದ ಎಲ್ಲಿದೆ ಎಂದು ಕಣ್ಣಿನಿಂದ ನೋಡಿಯೇ ಮುಂದುವರಿಯಿರಿ. ಹರ್ನಿಯಾ, ಹೊಟ್ಟೆಯ ಶಸ್ತ್ರಚಿಕಿತ್ಸೆ, ಹೃದಯದ ತೊಂದರೆ, ಗರ್ಭಾವಸ್ಥೆ ಇದ್ದರೆ ಈ ಲೇಖನವನ್ನು ನಂಬಿ ಶುರು ಮಾಡಬೇಡಿ, ಮೊದಲು ವೈದ್ಯರನ್ನು ಕಾಣಿ.

ಹಂತ 2: ಕುರ್ಚಿ ಮತ್ತು ಜಾಗ

ಕೈಗಳಿಲ್ಲದ, ಗಾಲಿಗಳಿಲ್ಲದ, ಸೀಟು ಸಮತಟ್ಟಾಗಿರುವ, ಬೆನ್ನಾಸರೆ ಗಟ್ಟಿಯಾಗಿರುವ ಕುರ್ಚಿ ಬೇಕು. ಊಟದ ಟೇಬಲ್ಲಿನ ಕಟ್ಟಿಗೆಯ ಕುರ್ಚಿ ಎಲ್ಲಕ್ಕಿಂತ ಒಳ್ಳೆಯದು. ಮದುವೆ ಮನೆಗೆ ಶಾಮಿಯಾನದವರು ತರುವಂತಹ ಪ್ಲಾಸ್ಟಿಕ್ ಕುರ್ಚಿ ಈ ಕೆಲಸಕ್ಕೆ ಸಲ್ಲದು. ಅದರ ಸೀಟು ಹಿಂದಕ್ಕೆ ಇಳಿಜಾರಾಗಿರುವುದರಿಂದ ಸೊಂಟ ತಾನಾಗಿಯೇ ಹಿಂದಕ್ಕೆ ಜಾರುತ್ತದೆ, ಭಾರ ಬಿದ್ದಾಗ ಅದರ ಕಾಲುಗಳು ಅಗಲುತ್ತವೆ. ಮನೆಯಲ್ಲಿ ಬೇರೆ ಕುರ್ಚಿಯೇ ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಕೂಡಿಸಿ, ಸೀಟಿನ ಹಿಂಬದಿಗೆ ಕೌದಿ ಮಡಿಸಿಟ್ಟು ಸಮ ಮಾಡಿಕೊಳ್ಳಿ. ಆದರೆ ಆ ಕುರ್ಚಿಯಲ್ಲಿ ಕುಳಿತು ಮಾಡುವ ಆಸನಗಳನ್ನು ಮಾತ್ರ ಮಾಡಿ, ಅದನ್ನು ಹಿಡಿದು ನಿಲ್ಲಬೇಡಿ. ಮಡಚುವ ಕಬ್ಬಿಣದ ಕುರ್ಚಿಯ ತೊಂದರೆ ಬೇರೆ. ಮುಂಬದಿಯ ಅಂಚಿನಲ್ಲಿ ಕುಳಿತರೆ ಅದು ಮುಗ್ಗರಿಸಬಹುದು.

ಎತ್ತರ ನೋಡಿಕೊಳ್ಳಿ. ಸಾಮಾನ್ಯ ಕುರ್ಚಿಯ ಸೀಟು ನೆಲದಿಂದ 17–18 ಅಂಗುಲ ಇರುತ್ತದೆ. ಗಿಡ್ಡ ಇರುವವರಿಗೆ ಇದು ಹೆಚ್ಚಾಗಿ ಹಿಮ್ಮಡಿ ಗಾಳಿಯಲ್ಲಿ ತೇಲುತ್ತದೆ. ಅಂಥವರು ಪಾದದ ಕೆಳಗೆ ಊಟಕ್ಕೆ ಕೂರುವ ಅಗಲ ಮಣೆಯನ್ನು ಇಟ್ಟುಕೊಳ್ಳಲಿ. ಎತ್ತರದವರ ಮೊಣಕಾಲು ಸೊಂಟಕ್ಕಿಂತ ಮೇಲೆ ಹೋದರೆ ಸೀಟಿನ ಮೇಲೆ ಮಡಿಸಿದ ಕೌದಿ ಹಾಕಬೇಕು. ಮೊಣಕಾಲು ಸೊಂಟದ ಮಟ್ಟದಲ್ಲಿ ಅಥವಾ ಒಂದು ಬೆರಳಿನಷ್ಟು ಕೆಳಗೆ ಇದ್ದರೆ ಸರಿ.

ಇನ್ನು ಜಾರುವಿಕೆ. ನಮ್ಮ ಪಡಸಾಲೆಗೆ ಮೊದಲು ಫರ್ಸಿ ಕಲ್ಲಿನ ನೆಲ ಇತ್ತು. ಟೈಲ್ಸ್ ಹಾಕಿಸಿದ ಹೊಸತರಲ್ಲಿ ಒಬ್ಬ ಕಾಕು ಕುರ್ಚಿಯ ಅಂಚಿನಲ್ಲಿ ಕುಳಿತು ಮುಂದಕ್ಕೆ ಬಾಗಿದರು. ಕುರ್ಚಿ ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಪಕ್ಕದವರು ಅವರ ತೋಳು ಹಿಡಿದದ್ದರಿಂದ ಉಳಿದರು. ಫರ್ಸಿಯ ಮೇಲೆ ಎಂದೂ ಹೀಗಾಗಿರಲಿಲ್ಲ, ನಾನು ನೆಲವನ್ನು ನೋಡಿಯೇ ಇರಲಿಲ್ಲ. ಅಂದಿನಿಂದ ಕುರ್ಚಿಯ ಬೆನ್ನು ಗೋಡೆಗೆ ತಾಗಿರಲೇಬೇಕು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಊರುಗೋಲಿನ ತುದಿಗೆ ಹಾಕುವಂತಹ ರಬ್ಬರ್ ಬುಷ್‌ಗಳನ್ನು ಕುರ್ಚಿಯ ನಾಲ್ಕೂ ಕಾಲಿಗೆ ಹಾಕಿಸಿ, ಇಲ್ಲವೇ ಕೆಳಗೆ ರಬ್ಬರ್ ಚಾಪೆ ಹಾಸಿ. ಜಮಖಾನೆಯ ಮೇಲೆ ಮಾತ್ರ ಇಡಬೇಡಿ. ನವಲಗುಂದದ ಜಮಖಾನೆ ಎಷ್ಟೇ ದಪ್ಪವಿದ್ದರೂ ಟೈಲ್ಸ್ ಮೇಲೆ ಕುರ್ಚಿಯ ಸಮೇತ ಸರಿಯುತ್ತದೆ.

ಕೈಯಳತೆಯಲ್ಲಿ ಇರಬೇಕಾದ ಉಳಿದ ಸಾಮಾನು: ಒಂದು ಉದ್ದನೆಯ ಟವೆಲ್, ಎರಡು ಕೌದಿ, ಒಂದು ಹಳೆಯ ದಿನಪತ್ರಿಕೆ, ಸಾಧ್ಯವಾದರೆ ಎರಡನೆಯ ಕುರ್ಚಿ. ಕಾಲುಚೀಲ ತೆಗೆಯಿರಿ. ಸೀರೆ ಉಟ್ಟವರು ನೆರಿಗೆಯನ್ನು ಗೇಣುದ್ದ ಮೇಲೆತ್ತಿ ಸಿಕ್ಕಿಸಿಕೊಳ್ಳಿ. ಏಳುವಾಗ ಹೆಬ್ಬೆರಳಿಗೆ ನೆರಿಗೆ ಸಿಕ್ಕಿ ಬೀಳುವುದು ತೀರ ಸಾಮಾನ್ಯ.

ಹಂತ 3: ಕುಳಿತುಕೊಳ್ಳುವುದನ್ನು ಕಲಿಯುವುದು

ಎಲ್ಲರೂ ಅವಸರ ಮಾಡುವುದು ಇಲ್ಲಿಯೇ. ಕೂರುವುದನ್ನು ಏನು ಕಲಿಯುವುದು ಅಕ್ಕನವರೇ ಎಂದು ಕೇಳುತ್ತಾರೆ. ಗೋಣಿಚೀಲ ಇಟ್ಟ ಹಾಗೆ ಕುಳಿತ ದೇಹದಲ್ಲಿ ಸೊಂಟ ಹಿಂದಕ್ಕೆ ಮಗುಚಿರುತ್ತದೆ, ಕೆಳಬೆನ್ನಿನ ಸಹಜ ಬಾಗು ಅಳಿದಿರುತ್ತದೆ. ಆ ಸ್ಥಿತಿಯಲ್ಲಿ ತಿರುಚಿದರೂ ಬಾಗಿದರೂ ಇಡೀ ಭಾರ ಟೊಂಕದ ಒಂದೆರಡು ಮಣಿಗಳ ಮೇಲೆ ಬೀಳುತ್ತದೆ. ಹದಿನೈದು ದಿನದ ಮೇಲೆ ಬರುವ ನೋವಿನ ಮೂಲ ಇದು.

ಮೊದಲು ಸೀಟಿನ ಮುಂದಿನ ಅರ್ಧಕ್ಕೆ ಸರಿದು ಕುಳಿತುಕೊಳ್ಳಿ, ಬೆನ್ನು ಆಸರೆಗೆ ತಾಗದಿರಲಿ. ಅಂಗೈಗಳನ್ನು ಮೇಲ್ಮುಖವಾಗಿ ಪೃಷ್ಠದ ಕೆಳಗೆ ತೂರಿಸಿ. ಎರಡೂ ಕಡೆ ಗಟ್ಟಿಯಾದ ಒಂದೊಂದು ಮೂಳೆ ಬೆರಳಿಗೆ ಒತ್ತುತ್ತದೆ. ನೀವು ಕೂರಬೇಕಾದದ್ದು ಆ ಎರಡು ಮೂಳೆಗಳ ಮೇಲೆ. ಕೈ ತೆಗೆಯಿರಿ.

ಈಗ ಸೊಂಟವನ್ನಷ್ಟೇ ಹಿಂದಕ್ಕೆ ಮುಂದಕ್ಕೆ ತೂಗಿ. ಹಿಂದಕ್ಕೆ ಹೋದಾಗ ಹೊಟ್ಟೆ ಕುಸಿಯುತ್ತದೆ, ಮುಂದಕ್ಕೆ ಬಂದಾಗ ಕೆಳಬೆನ್ನು ಬಿಗಿಯುತ್ತದೆ. ಹತ್ತು ಸಲ ತೂಗಿ, ಪ್ರತಿ ಸಲ ತೂಗಾಟವನ್ನು ಚಿಕ್ಕದು ಮಾಡುತ್ತ ನಡುವೆ ನಿಲ್ಲಿ. ಕೈಯನ್ನು ಟೊಂಕದ ಹಿಂದೆ ಇಟ್ಟು ನೋಡಿದರೆ ಅಲ್ಲಿ ತೆಳುವಾದ ಒಂದು ತಗ್ಗು ಇರಬೇಕು. ತಗ್ಗಿನ ಬದಲು ಉಬ್ಬು ಸಿಕ್ಕರೆ ನೀವು ಇನ್ನೂ ಹಿಂದಕ್ಕೆ ಮಗುಚಿದ್ದೀರಿ. ತೊಡೆಯ ಹಿಂಭಾಗ ಬಿಗಿಯಾಗಿರುವವರಿಗೆ ಈ ನಡುವಿನ ಸ್ಥಾನ ಸಿಗುವುದೇ ಇಲ್ಲ. ಅವರು ಮಡಿಸಿದ ಕೌದಿಯನ್ನು ಸೀಟಿನ ಹಿಂದಿನ ಅಂಚಿಗೆ ಇಟ್ಟು, ಪೃಷ್ಠ ಎತ್ತರವಾಗುವ ಹಾಗೆ ಕೂರಲಿ.

ಪಾದಗಳು ಸೊಂಟದಷ್ಟು ಅಗಲವಾಗಿರಲಿ, ಹಿಮ್ಮಡಿ ಮೊಣಕಾಲಿನ ನೇರ ಕೆಳಗಿರಲಿ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ ಈ ಮೂರೂ ನೆಲವನ್ನು ಒತ್ತಬೇಕು. ಪಾದ ಒತ್ತಿದೊಡನೆ ಬೆನ್ನು ತಾನಾಗಿಯೇ ಒಂದಿಷ್ಟು ಮೇಲೇಳುವುದನ್ನು ಗಮನಿಸಿ. ಎದೆಯನ್ನು ಉಬ್ಬಿಸಬೇಡಿ, ನೆತ್ತಿ ಮೇಲಕ್ಕೆ ಹೋಗಲಿ, ಗದ್ದ ನೆಲಕ್ಕೆ ಸಮಾನಾಂತರವಾಗಿರಲಿ.

ಮೊದಲ ವಾರ ದಿನಕ್ಕೆ ಐದು ನಿಮಿಷ ಇದನ್ನು ಮಾತ್ರ ಮಾಡಿ. ಬಂದಿದೆಯೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇದೆ. ದೇಹವನ್ನು ಪಕ್ಕಕ್ಕಾಗಲಿ ಹಿಂದಕ್ಕಾಗಲಿ ವಾಲಿಸದೆ ಒಂದು ಪಾದವನ್ನು ಅರ್ಧ ಅಂಗುಲ ಮೇಲೆತ್ತಿ, ಐದು ಎಣಿಸಿ, ಇಳಿಸಿ. ಎರಡೂ ಕಾಲಿಗೆ ಇದು ಸಾಧ್ಯವಾದರೆ ಮುಂದಿನ ಹಂತಕ್ಕೆ ಹೋಗಿ. ಬೆನ್ನಿನ ಸ್ನಾಯು ನಡುಗಿದರೆ ಹಿಂದಕ್ಕೆ ಸರಿದು, ಟೊಂಕದ ತಗ್ಗಿಗೆ ಸುತ್ತಿದ ಟವೆಲ್ ಕೊಟ್ಟು ವಿಶ್ರಮಿಸಿ. ಕಾಲಿಗೆ ಜೋಮು ಹಿಡಿದರೆ ಸೀಟಿನ ಅಂಚು ತೊಡೆಯನ್ನು ಒತ್ತುತ್ತಿದೆ ಎಂದರ್ಥ; ಮಣೆಯ ಎತ್ತರವನ್ನು ಹೆಚ್ಚಿಸಿ.

ಹಂತ 4: ಉಸಿರು ಮತ್ತು ಕೀಲುಗಳು

ಉಸಿರಿನ ನಿಯಮ ಚಿಕ್ಕದು. ದೇಹ ತೆರೆಯುವಾಗ, ಮೇಲೇಳುವಾಗ ಒಳಗೆ. ಮಡಿಯುವಾಗ, ತಿರುಚುವಾಗ ಹೊರಗೆ. ಆಸನದಲ್ಲಿ ನಿಂತಾಗ ಸಹಜವಾಗಿ ಉಸಿರಾಡುತ್ತ ಇರಬೇಕು. ಉಸಿರು ಕಟ್ಟುತ್ತಿದ್ದೀರಾ ಎಂಬುದು ನಿಮಗೆ ತಿಳಿಯುವುದೇ ಇಲ್ಲ, ಆದ್ದರಿಂದ ಮೊದಲ ತಿಂಗಳು ಬಾಯಿಬಿಟ್ಟು ಎಣಿಸಿ. ಒಂದು, ಎರಡು ಎಂದು ಗಟ್ಟಿಯಾಗಿ ಹೇಳುವವರು ಉಸಿರು ಕಟ್ಟಲಾರರು.

ಆಮೇಲೆ ಕೀಲುಗಳನ್ನು ಸಡಿಲಿಸಿ: ಹಿಮ್ಮಡಿಯ ಗಂಟು ಎರಡೂ ಕಡೆ ಐದೈದು ಸುತ್ತು, ಮೊಣಕಾಲು ನೇರ ಮಾಡಿ ಮಡಿಸುವುದು ಐದು ಸಲ, ಮಣಿಕಟ್ಟು, ಮೊಣಕೈ, ಭುಜ. ಕತ್ತನ್ನು ಪೂರ್ತಿ ಸುತ್ತಿಸಬೇಡಿ. ಬಲಕ್ಕೆ, ಎಡಕ್ಕೆ, ಕೆಳಕ್ಕೆ ಅಷ್ಟೇ ಸಾಕು. ಧಾರವಾಡದ ಮಳೆಗಾಲದಲ್ಲಿ ಜಿಟಿಜಿಟಿ ಹಿಡಿದ ದಿನಗಳಲ್ಲಿ ಕೀಲು ಬಿಗಿದಿರುತ್ತವೆ, ಆಗ ಈ ಭಾಗಕ್ಕೆ ಇಮ್ಮಡಿ ಸಮಯ ಕೊಡಿ.

ಹಂತ 5: ಕುಳಿತು ಮಾಡುವ ಆಸನಗಳು

ಕೆಳಗಿನವನ್ನು ಇದೇ ಕ್ರಮದಲ್ಲಿ ಕಲಿಯಿರಿ. ಪ್ರತಿಯೊಂದರಲ್ಲೂ ಮೂರರಿಂದ ಐದು ಉಸಿರಾಡುವಷ್ಟು ಹೊತ್ತು ಇರಿ, ಎರಡು ಸಲ ಮಾಡಿ. ಒಂದು ವಾರಕ್ಕೆ ಎರಡಕ್ಕಿಂತ ಹೆಚ್ಚು ಹೊಸ ಆಸನ ಸೇರಿಸಬೇಡಿ.

ತಾಡಾಸನ. ನೆಲದಲ್ಲಿ ನಿಂತು ತೋಳೆತ್ತಿ ಇಡೀ ಮೈಯನ್ನು ಮೇಲಕ್ಕೆ ಎಳೆಯುವುದು ಇದರ ಕೆಲಸ. ಕುರ್ಚಿಯಲ್ಲಿ ಪಾದ ಕೆಳಕ್ಕೆ ಒತ್ತುತ್ತ, ತೋಳುಗಳನ್ನು ಉಸಿರಿನೊಂದಿಗೆ ಮೇಲೆತ್ತಿ. ಭುಜ ಬಿಗಿಯಾಗಿರುವವರು ತೋಳು ಎತ್ತಿದೊಡನೆ ಟೊಂಕವನ್ನು ಮುಂದಕ್ಕೆ ತಳ್ಳುತ್ತಾರೆ. ಟವೆಲನ್ನು ಭುಜಕ್ಕಿಂತ ಅಗಲವಾಗಿ ಹಿಡಿದು ಎತ್ತಿ, ಟೊಂಕ ಅಲುಗುವ ಸ್ವಲ್ಪ ಮುನ್ನ ನಿಲ್ಲಿಸಿ. ಅದು ಕಿವಿಯ ಮಟ್ಟವೇ ಆಗಿದ್ದರೂ ಇಂದಿನ ಮಟ್ಟಿಗೆ ಅದೇ ನಿಮ್ಮ ತಾಡಾಸನ.

ಗೋಮುಖಾಸನದ ತೋಳು. ರೊಟ್ಟಿ ಬಡಿಯುವವರಿಗೆ, ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ ನಾನು ಇದನ್ನು ತಪ್ಪದೆ ಕಲಿಸುತ್ತೇನೆ. ಬಲಗೈಯಲ್ಲಿ ಟವೆಲ್ ಹಿಡಿದು ಹೆಗಲ ಮೇಲಿಂದ ಬೆನ್ನ ಹಿಂದೆ ಇಳಿಬಿಡಿ, ಎಡಗೈಯನ್ನು ಕೆಳಗಿನಿಂದ ತಂದು ಅದರ ತುದಿ ಹಿಡಿಯಿರಿ. ಎಳೆಯಬೇಡಿ, ಹಿಡಿದಿದ್ದರೆ ಸಾಕು. ಆಮೇಲೆ ಕೈ ಬದಲಿಸಿ. ರಾತ್ರಿ ಆ ಭುಜದ ಮೇಲೆ ಮಲಗಲಾಗದಷ್ಟು ನೋವಿದ್ದವರು ಇದನ್ನು ಬಿಡಬೇಕು.

ಭುಜಂಗಾಸನ. ಎದೆಯ ಮುಂಭಾಗ ತೆರೆದು ಮೇಲ್ಬೆನ್ನು ಒಳಗೆ ಹೋಗುವುದು ಇದರ ಕೆಲಸ. ಅಂಗೈಗಳನ್ನು ಸೊಂಟದ ಹಿಂದೆ ಸೀಟಿನ ಮೇಲೆ ಊರಿ, ಮೊಣಕೈಗಳನ್ನು ಹಿಂದಕ್ಕೆ ತಂದು, ಎದೆಯ ಮೂಳೆಯನ್ನು ಮೇಲೆತ್ತಿ. ತಲೆಯನ್ನು ಹಿಂದಕ್ಕೆ ಚೆಲ್ಲುವುದು ದೊಡ್ಡ ತಪ್ಪು. ಹಿರಿಯರಿಗೆ ಅಲ್ಲಿಯೇ ಬವಳಿ ಬರುತ್ತದೆ. ಎದುರಿನ ಗೋಡೆಯೂ ಸೂರೂ ಸೇರುವ ಗೆರೆಗಿಂತ ಮೇಲೆ ಕಣ್ಣು ಹೋಗಬಾರದು.

ವಕ್ರಾಸನ. ಕುರ್ಚಿಯಲ್ಲಿ ಅತಿ ಹೆಚ್ಚು ಕೆಡುವ ಆಸನ ಇದು. ಕುರ್ಚಿಯ ಬೆನ್ನು ಕೈಗೆ ಸಿಗುವುದರಿಂದ ಅದನ್ನು ಹಿಡಿದು ಬಾವಿಯ ಹಗ್ಗ ಎಳೆದ ಹಾಗೆ ಎಳೆಯುತ್ತಾರೆ. ಕತ್ತು ತಿರುಗುತ್ತದೆ, ಭುಜ ತಿರುಗುತ್ತದೆ, ಬೆನ್ನು ಇದ್ದಲ್ಲೇ ಇರುತ್ತದೆ.

ಸರಿಯಾದ ಕ್ರಮ ಹೀಗಿದೆ. ಮೂರನೆಯ ಹಂತದ ಹಾಗೆ ಕುಳಿತು ಎರಡು ಮೊಣಕಾಲುಗಳ ನಡುವೆ ಮಡಿಸಿದ ದಿನಪತ್ರಿಕೆಯನ್ನು ಸಿಕ್ಕಿಸಿಕೊಳ್ಳಿ. ಬಲಕ್ಕೆ ತಿರುಗುವಾಗ ಎಡ ಅಂಗೈ ಬಲ ಮೊಣಕಾಲಿನ ಹೊರಬದಿಗೆ, ಬಲ ಅಂಗೈ ಹಿಂದೆ ಸೀಟಿನ ಮೇಲೆ. ಉಸಿರು ಎಳೆದುಕೊಂಡು ಬೆನ್ನು ಎತ್ತರಿಸಿ. ಉಸಿರು ಬಿಡುತ್ತ ಮೊದಲು ಹೊಕ್ಕುಳು ತಿರುಗಲಿ, ಆಮೇಲೆ ಪಕ್ಕೆಲುಬು, ಆಮೇಲೆ ಭುಜ, ಕಟ್ಟಕಡೆಗೆ ತಲೆ. ಕೈಗಳು ಒರಗಿಕೊಂಡಿರಬೇಕು, ಎಳೆಯಬಾರದು. ಒಂದು ಮೊಣಕಾಲು ಮುಂದಕ್ಕೆ ಸರಿದು ಪತ್ರಿಕೆ ಜಾರಿದರೆ ನಿಮ್ಮ ಸೊಂಟವೇ ತಿರುಗಿದೆ, ಬೆನ್ನು ತಿರುಗಿಲ್ಲ. ಅಷ್ಟು ತಿರುಗಬೇಕಾಗಿಲ್ಲ, ಹಿಂದಕ್ಕೆ ಬನ್ನಿ. ಕಾಲಿನೊಳಗೆ ಚಳುಕು ಹೊಡೆದರೆ ಅಂದಿನ ಅಭ್ಯಾಸವನ್ನು ಅಲ್ಲಿಗೇ ಬಿಡಿ.

ಭದ್ರಾಸನಕ್ಕೆ ಬದಲಿ. ತೊಡೆಸಂದು ತೆರೆಯಲು ಒಂದು ಹಿಮ್ಮಡಿಯ ಗಂಟನ್ನು ಇನ್ನೊಂದು ಮೊಣಕಾಲಿನ ಮೇಲೆ ಇಟ್ಟು ಕೂರುವ ಪದ್ಧತಿ ಇದೆ. ಮೇಲಿನ ಮೊಣಕಾಲನ್ನು ಕೈಯಿಂದ ಕೆಳಕ್ಕೆ ಒತ್ತುವ ಚಪಲ ಎಲ್ಲರಿಗೂ ಬರುತ್ತದೆ, ಒತ್ತಬೇಡಿ. ಸೊಂಟದ ಕೀಲು ತೆರೆಯದಿದ್ದರೆ ಆ ಬಲ ಮೊಣಕಾಲಿನ ಮೇಲೆ ಬೀಳುತ್ತದೆ. ಕಾಲು ಅಷ್ಟೆತ್ತರ ಬರದಿದ್ದರೆ ಎರಡೂ ಪಾದ ನೆಲದಲ್ಲಿಟ್ಟು ಮೊಣಕಾಲುಗಳನ್ನಷ್ಟೇ ಅಗಲಿಸಿ, ಕೆಲಸ ಅದೇ ನಡೆಯುತ್ತದೆ. ಸೊಂಟದ ಕೀಲು ಬದಲಿಸಿಕೊಂಡವರು ಇದನ್ನು ಪೂರ್ತಿ ಬಿಡಬೇಕು.

ಪಾದಹಸ್ತಾಸನ. ಬಾಗುವ ಆಸನಗಳನ್ನು ಕೊನೆಗೆ ಇಟ್ಟುಕೊಳ್ಳಿ. ಎದುರಿಗೆ ಎರಡನೆಯ ಕುರ್ಚಿಯನ್ನು ತಂದಿಟ್ಟು ಅದರ ಸೀಟಿನ ಮೇಲೆ ಕೌದಿ ಹಾಕಿ. ಅಂಗೈಯ ಅಂಚುಗಳನ್ನು ತೊಡೆಸಂದಿನಲ್ಲಿ ಒತ್ತಿಕೊಂಡು, ಆ ಗೆರೆಯಲ್ಲಿ ಮಡಿಯುತ್ತ ಬನ್ನಿ. ಕದ ಬಿಜಾಗರಿಯಲ್ಲಿ ತಿರುಗುವ ಹಾಗೆ ದೇಹ ಅಲ್ಲಿ ಮಾತ್ರ ತಿರುಗಬೇಕು. ಹೊಕ್ಕುಳು ತೊಡೆಯ ಕಡೆಗೆ ಹೋಗಲಿ, ಹಣೆ ಅಲ್ಲ. ಬೆನ್ನು ಗೂನಾಗತೊಡಗಿದ ಕ್ಷಣ ನಿಂತು, ಮೊಣಕೈಗಳನ್ನು ಎದುರಿನ ಕುರ್ಚಿಗೆ ಊರಿ ಅಲ್ಲಿಯೇ ಇರಿ. ತೊಡೆಯ ಹಿಂಭಾಗಕ್ಕೆ ಇನ್ನಷ್ಟು ಸೆಳೆತ ಬೇಕೆನಿಸಿದರೆ ಒಂದು ಕಾಲನ್ನು ನೇರ ಚಾಚಿ ಹಿಮ್ಮಡಿಯನ್ನು ನೆಲಕ್ಕೆ ಊರಿ. ಸೆಳೆತ ತೊಡೆಯ ನಡುಭಾಗದಲ್ಲಿ ಇರಬೇಕು. ಮೊಣಕಾಲಿನ ಹಿಂದಿನ ಕುಳಿಯಲ್ಲಿ ಬಂದರೆ ಮೊಣಕಾಲನ್ನು ತುಸು ಮಡಿಸಿ. ಎದುರಿನ ಕುರ್ಚಿ ಇದ್ದಾಗ ತಲೆ ಎದೆಗಿಂತ ಕೆಳಗೆ ಹೋಗುವುದಿಲ್ಲ, ಆದ್ದರಿಂದ ರಕ್ತದೊತ್ತಡ ಇರುವವರಿಗೂ ಇದು ಒದಗುತ್ತದೆ. ಮೂಳೆ ಸವೆತವಿರುವವರು ಬೆನ್ನು ನೇರವಿರುವಷ್ಟು ಮಾತ್ರ ಬಾಗಲಿ. ಏಳುವಾಗ ನಿಧಾನವಾಗಿ, ತಲೆ ಎಲ್ಲಕ್ಕಿಂತ ಕೊನೆಗೆ.

ಹಂತ 6: ಏಳುವುದು, ಕೂರುವುದು

ಇದು ಉತ್ಕಟಾಸನದ ಕೆಲಸ. ಇಡೀ ಪಾಠದಲ್ಲಿ ಒಂದೇ ಒಂದನ್ನು ಇಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಬಸ್ಸಿನ ಸೀಟಿನಿಂದ, ಹಾಸಿಗೆಯಿಂದ, ಶೌಚಾಲಯದಿಂದ ಒಬ್ಬರೇ ಏಳುವ ಬಲ ಇದರಲ್ಲಿದೆ.

ಸೀಟಿನ ಅಂಚಿಗೆ ಸರಿಯಿರಿ. ಪಾದಗಳನ್ನು ಮೊಣಕಾಲಿಗಿಂತ ಒಂದು ಗೇಣು ಹಿಂದಕ್ಕೆ ತನ್ನಿ. ಮೂಗು ಕಾಲ್ಬೆರಳಿನ ಮೇಲೆ ಬರುವವರೆಗೆ ಸೊಂಟದಿಂದ ಮುಂದಕ್ಕೆ ಬಾಗಿ. ಈಗ ಪಾದ ಒತ್ತಿ, ಉಸಿರು ಬಿಡುತ್ತ ಏಳಿ. ಬಾಗದೆ ನೇರ ಏಳಲು ಹೋದವರು ಹಿಂದಕ್ಕೆ ಬೀಳುತ್ತಾರೆ. ಏಳಲಾಗದು ಎನ್ನುವವರಲ್ಲಿ ಎಷ್ಟೋ ಮಂದಿಯ ತೊಂದರೆ ಬಲದ್ದಲ್ಲ, ಈ ಬಾಗುವಿಕೆಯದು. ಮೊದಲು ಕೈಗಳನ್ನು ಸೀಟಿನ ಅಂಚಿಗೆ ಊರಿ ಏಳಿ, ಆಮೇಲೆ ತೊಡೆಯ ಮೇಲೆ, ಕೆಲವು ವಾರಗಳ ಮೇಲೆ ಎದೆಯ ಮುಂದೆ ಕಟ್ಟಿಕೊಂಡು.

ಕೂರುವಾಗ ನಾಲ್ಕು ಎಣಿಸುತ್ತ ಇಳಿಯಿರಿ. ದೊಪ್ಪೆಂದು ಕೂರಬೇಡಿ, ಬೆನ್ನೆಲುಬಿಗೆ ಪೆಟ್ಟು ಬೀಳುತ್ತದೆ. ಮೊಣಕಾಲುಗಳು ಒಂದಕ್ಕೊಂದು ಹತ್ತಿರ ಬರುತ್ತಿವೆಯೇ ನೋಡಿ. ಅವು ಪಾದದ ಎರಡನೆಯ ಬೆರಳಿನ ನೇರಕ್ಕೆ ಇರಬೇಕು. ಐದು ಸಲದಿಂದ ಶುರು ಮಾಡಿ ಹತ್ತಕ್ಕೆ ಏರಿಸಿ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಎದ್ದ ಮೇಲೆ ಹತ್ತು ಎಣಿಸುವವರೆಗೆ ಹೆಜ್ಜೆ ಇಡಬೇಡಿ.

ಹಂತ 7: ಕುರ್ಚಿ ಹಿಡಿದು ನಿಲ್ಲುವ ಆಸನಗಳು

ಆರನೆಯ ಹಂತದಲ್ಲಿ ಐದು ಸಲ ಸಲೀಸಾಗಿ ಎದ್ದು ಕೂರುವವರು ಮಾತ್ರ ಇಲ್ಲಿಗೆ ಬರಬೇಕು. ಈಗ ಕುರ್ಚಿಯನ್ನು ತಿರುಗಿಸಿ: ಸೀಟಿನ ಮುಂಭಾಗ ಗೋಡೆಗೆ, ಬೆನ್ನು ನಿಮ್ಮ ಕಡೆಗೆ. ನೀವು ಮುಂದಕ್ಕೆ ವಾಲಿದರೂ ಕುರ್ಚಿ ಸರಿಯಲು ಜಾಗವಿರುವುದಿಲ್ಲ. ಕುರ್ಚಿಯನ್ನು ನಡುಮನೆಯಲ್ಲಿ ಬಿಡಿಯಾಗಿ ಇಟ್ಟು ಅದನ್ನು ಹಿಡಿದು ನಿಲ್ಲುವುದು ಏನೂ ಹಿಡಿಯದೆ ನಿಲ್ಲುವುದಕ್ಕಿಂತ ಅಪಾಯ.

ವೃಕ್ಷಾಸನಕ್ಕೆ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದು ಭಾರವನ್ನು ಎಡಗಾಲಿಗೆ ತನ್ನಿ. ಬಲ ಹಿಮ್ಮಡಿಯನ್ನು ಎಡ ಹಿಮ್ಮಡಿಯ ಗಂಟಿಗೆ ಒರಗಿಸಿ, ಕಾಲ್ಬೆರಳು ನೆಲದಲ್ಲೇ ಇರಲಿ. ಎದುರಿನ ಗೋಡೆಯಲ್ಲಿ ಅಲುಗದ ಒಂದು ಗುರುತನ್ನು ನೋಡಿ. ತೋಲ ಸಿಕ್ಕ ಮೇಲೆ ಒಂದು ಕೈ ಬಿಡಿ, ಇನ್ನೊಂದು ಕೈಯ ಎರಡು ಬೆರಳು ಕುರ್ಚಿಯ ಮೇಲಿರಲಿ. ಪಾದವನ್ನು ಮೀನಖಂಡಕ್ಕೆ ಏರಿಸಬಹುದು, ಮೊಣಕಾಲಿನ ಪಕ್ಕಕ್ಕೆ ಎಂದೂ ಒತ್ತಬೇಡಿ. ಆ ಕೀಲು ಪಕ್ಕದ ಒತ್ತಡವನ್ನು ತಾಳುವುದಿಲ್ಲ.

ತ್ರಿಕೋನಾಸನಕ್ಕೆ ಕುರ್ಚಿಯ ಬೆನ್ನು ಮತ್ತೆ ಗೋಡೆಗೆ. ಸುಮಾರು ಮೂರು ಅಡಿ ಕಾಲಗಲಿಸಿ ನಿಂತು, ಪಕ್ಕಕ್ಕೆ ಬಾಗಿ ಕೈಯನ್ನು ಹಿಮ್ಮಡಿಗಲ್ಲ, ಸೀಟಿನ ಮೇಲೆ ಊರಿ. ಕತ್ತು ನೋವಿರುವವರು ಮೇಲೆ ನೋಡಬೇಡಿ, ನೇರ ನೋಡಿದರೆ ಸಾಕು.

ಹಂತ 8: ವಿಶ್ರಾಂತಿ

ಸೀಟಿನ ಹಿಂದಕ್ಕೆ ಸರಿದು ಬೆನ್ನನ್ನು ಪೂರ್ತಿ ಒರಗಿಸಿ. ತೊಡೆಯ ಮೇಲೆ ಕೌದಿ ಮಡಿಸಿಟ್ಟು ಅದರ ಮೇಲೆ ಕೈಗಳನ್ನು ಬಿಡಿ. ಕುತ್ತಿಗೆಯ ಹಿಂದೆ ಟವೆಲ್ ಸುತ್ತಿ ಗೋಡೆಗೆ ಒರಗಿಸಿದರೆ ತಲೆ ಜೋಲುವುದಿಲ್ಲ. ಐದು ನಿಮಿಷ ಸಾಕು. ಭ್ರಾಮರಿ, ನಾಡಿಶೋಧನ ಪ್ರಾಣಾಯಾಮಗಳನ್ನು ಕುರ್ಚಿಯಲ್ಲಿ ಕುಳಿತು ಧಾರಾಳವಾಗಿ ಮಾಡಬಹುದು. ಉಸಿರನ್ನು ರಭಸದಿಂದ ಹೊರಹಾಕುವ ಕಪಾಲಭಾತಿಯನ್ನು ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ ಇರುವವರು ಮಾಡಬಾರದು.

ನಿಲ್ಲಿಸಬೇಕಾದ ಸೂಚನೆಗಳು

ಸ್ನಾಯು ಸೆಳೆದ ಹಾಗೆ, ಮಂದವಾಗಿ, ಆಸನ ಬಿಟ್ಟೊಡನೆ ಇಳಿಯುವ ನೋವು ಸಹಜ. ಕೀಲಿನೊಳಗೆ ಚುಚ್ಚುವ ನೋವು, ಕೈಕಾಲಿಗೆ ಹರಿಯುವ ಚಳುಕು, ಮಣೆ ಎತ್ತರಿಸಿದರೂ ಹೋಗದ ಜೋಮು, ತಲೆ ತಿರುಗುವುದು, ಕಣ್ಣು ಮಂಜಾಗುವುದು ಇವು ಅಂದಿನ ಅಭ್ಯಾಸವನ್ನು ಅಲ್ಲಿಗೇ ಬಿಡಬೇಕೆಂಬ ಸೂಚನೆ. ಮರುದಿನ ಬೆಳಿಗ್ಗೆಯೂ ನೋವು ಉಳಿದಿದ್ದರೆ ನೀವು ಹಿಂದಿನ ದಿನ ಹೆಚ್ಚು ಮಾಡಿದ್ದೀರಿ, ಅರ್ಧಕ್ಕೆ ಇಳಿಸಿ.

ಎದೆ ಹಿಂಡಿದ ಹಾಗಾಗಿ ನೋವು ತೋಳಿಗೋ ದವಡೆಗೋ ಹರಿದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ, ಕಾಲಿನ ಬಲವೇ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ನಿಮಿಷವೂ ಕಾಯಬೇಡಿ. 108ಕ್ಕೆ ಕರೆ ಮಾಡಿ. ಗ್ಯಾಸ್ ಇರಬೇಕು ಎಂದು ಸೋಡಾ ಕುಡಿಯುತ್ತ ಕೂರುವ ಅಭ್ಯಾಸ ನಮ್ಮ ಕಡೆ ಬಹಳವಿದೆ, ದಯವಿಟ್ಟು ಬೇಡ.

ಯಾವಾಗ, ಎಷ್ಟು

ನಸುಕಿನಲ್ಲಿ ಮಾಡಿದರೆ ಉತ್ತಮ, ಆಗದಿದ್ದರೆ ಸಂಜೆ. ಚಹಾ ಕುಡಿದ ಮೇಲೆ ಅರ್ಧ ಗಂಟೆ, ಉಪ್ಪಿಟ್ಟು ಅವಲಕ್ಕಿ ತಿಂದ ಮೇಲೆ ಎರಡು ಗಂಟೆ, ರೊಟ್ಟಿ ಊಟವಾದ ಮೇಲೆ ಮೂರು ಗಂಟೆ ಬಿಡಿ. ಮೊದಲ ವಾರ ಮೂರನೆಯ ಹಂತ ಮಾತ್ರ. ಎರಡನೆಯ ವಾರದಿಂದ ಐದನೆಯ ವಾರದವರೆಗೆ ಕುಳಿತು ಮಾಡುವ ಆಸನಗಳು, ಜೊತೆಗೆ ಏಳುವುದು ಕೂರುವುದು. ನಿಲ್ಲುವ ಆಸನಗಳು ಆಮೇಲೆ. ಒಟ್ಟು 25 ನಿಮಿಷ ಮೀರುವುದು ಬೇಡ. ಕುರ್ಚಿಯ ಮೇಲೆ ಸೂರ್ಯನಮಸ್ಕಾರ ಹೇಳಿಕೊಡಿ ಎಂದು ಬಹಳ ಜನ ಕೇಳುತ್ತಾರೆ. ಅದು ಮೇಲಿನ ಆಸನಗಳನ್ನೇ ಉಸಿರಿಗೆ ಪೋಣಿಸಿದ ಮಾಲೆ. ಬಿಡಿ ಬಿಡಿಯಾಗಿ ಬಂದಮೇಲೆ ಪೋಣಿಸಬಹುದು, ಅದಕ್ಕೂ ಮುನ್ನ ಬೇಡ.

ಮತ್ತೆ ನೆಲಕ್ಕೆ ಇಳಿಯಬೇಕೆನ್ನುವವರಿಗೆ

ಕೈಯ ನೆರವಿಲ್ಲದೆ ಹತ್ತು ಸಲ ಎದ್ದು ಕೂರಬಲ್ಲವರು, ಮೊಣಕಾಲು ಅಥವಾ ಸೊಂಟದ ಕೀಲು ಬದಲಿಸಿಕೊಳ್ಳದವರು ನೆಲಕ್ಕೆ ಇಳಿಯುವುದನ್ನು ಪ್ರಯತ್ನಿಸಬಹುದು. ಕುರ್ಚಿಯ ಬೆನ್ನು ಗೋಡೆಗಿರಲಿ. ಎದುರು ನಿಂತು ಎರಡೂ ಅಂಗೈಗಳನ್ನು ಸೀಟಿಗೆ ಊರಿ. ನೆಲದಲ್ಲಿ ನಾಲ್ಕು ಮಡಿಕೆಯ ಕೌದಿ ಹಾಸಿ, ನೋವು ಹೆಚ್ಚಿರುವ ಮೊಣಕಾಲನ್ನು ಮೊದಲು ಅದರ ಮೇಲೆ ಇಳಿಸಿ, ಆಮೇಲೆ ಇನ್ನೊಂದನ್ನು. ಅಲ್ಲಿಂದ ಪಕ್ಕಕ್ಕೆ ಒರಗಿ ಕುಳಿತುಕೊಳ್ಳಿ. ಏಳುವಾಗ ಮತ್ತೆ ಕುರ್ಚಿಯ ಕಡೆಗೆ ತಿರುಗಿ, ಅಂಗೈಗಳನ್ನು ಸೀಟಿಗೆ ಊರಿ, ಬಲವಿರುವ ಕಾಲಿನ ಪಾದವನ್ನು ಮೊದಲು ಮುಂದಿಟ್ಟು ಅದರ ಮೇಲೆ ಭಾರ ತಂದು ಏಳಿ. ಇಳಿಯುವುದಕ್ಕಿಂತ ಏಳುವುದು ಕಷ್ಟ. ಆದ್ದರಿಂದ ಮೊದಲ ಎರಡು ಮೂರು ಸಲ ಮನೆಯಲ್ಲಿ ಮತ್ತೊಬ್ಬರು ಇರುವಾಗ, ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಇಳಿಯಿರಿ.